ಹಸನು ಮಾಡಿದ ಮಣ್ಣು

ಹಾರೆ ಮೂರನೆಯ ಸಲವೂ ಪುಟಿದು ವಾಪಸು ಬಂತು. ಗುಡ್ಡದ ಇಳಿಜಾರಿನಲ್ಲಿ ಬೆಳಗಿನಿಂದ ನಾನು ತೋಡಿದ್ದು ಒಂದೇ ಕುಳಿ, ಅದೂ ಗೇಣು ಆಳ. ಬಿಸಿಲು ನೆತ್ತಿಗೆ ಬರುವುದರೊಳಗೆ ನಾಲ್ಕು ಮುಗಿಸಬೇಕಿತ್ತು. "ಹಾಳಾಗಿ ಹೋಗ" ಎಂದು ಹಾರೆಯನ್ನು ಬೀಸಿ ಒಗೆದೆ. ಅದು ಠಣ್ ಠಣ್ ಎಂದು ಉರುಳಿಕೊಂಡು ಹೋಗಿ ಕೆಳಗೆ ಮೇಯುತ್ತಿದ್ದ ಒಂದು ಎಮ್ಮೆಯ ಕಾಲ ಹತ್ತಿರ ನಿಂತಿತು.

"ಯವ್ವಾ, ಗುಡ್ಡದ ಮ್ಯಾಲಿನ ಸಿಟ್ಟ ನನ್ನ ಎಮ್ಮಿ ಮ್ಯಾಲ ಯಾಕ?"

ಜಾಲಿಗಿಡದ ನೆರಳಿನಿಂದ ಎದ್ದು ಬಂದವಳು ಅರವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಹಾರೆ. ಅವಳಿಗೆ ಎರಡು ಎಮ್ಮೆ, ಐದು ಆಡು. ಊರವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ಹಾರೆಯನ್ನು ನೆಟ್ಟಗೆ ಕುಟ್ಟಲಿಲ್ಲ. ಎರಡು ಕಲ್ಲಿನ ಸಂದಿನಲ್ಲಿ ಓರೆಯಾಗಿ ತೂರಿಸಿ ಮೀಟಿದಳು. ನಾನು ಅರ್ಧ ತಾಸು ಗುದ್ದಾಡಿದ ಜಾಗ ಎರಡು ನಿಮಿಷದಲ್ಲಿ ಬಾಯಿ ಬಿಟ್ಟಿತು.

ನಾನು ಕೊಲ್ಹಾಪುರದ ಒಂದು ಖಾಸಗಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಹೊಲ ತಿರುಗಿ ಮಣ್ಣಿನ ಮಾದರಿ ತರುವುದು ನನ್ನ ಪಾಲಿನ ಕೆಲಸ. ಈ ಸಲ ಬಂದದ್ದು ಗಡಹಿಂಗ್ಲಜದಿಂದ ಪೂರ್ವಕ್ಕೆ, ಮರಾಠಿ ಕನ್ನಡ ಎರಡೂ ಒಂದೇ ಬಾಯಲ್ಲಿ ಆಡುವ ಒಂದು ಹಳ್ಳಿಗೆ. ಊರ ಮೇಲಿನ ಗುಡ್ಡದ ಇಳಿಜಾರು ಪೂರ್ತಿ ಗಾಯರಾನ, ಅಂದರೆ ಊರ ದನ ಮೇಯಲು ಬಿಟ್ಟ ಭೂಮಿ. ಜನ ಅದನ್ನು ಮಡ್ಡಿ ಎನ್ನುತ್ತಾರೆ. ಕಾಲಿಟ್ಟಲ್ಲೆಲ್ಲ ಗರಸು, ಜಲ್ಲಿಯಂಥ ಕಲ್ಲು. ಗರಸಿನ ಸಂದಿಯಲ್ಲಿ ಹಿಡಿ ಹಿಡಿ ಕಂದು ಮಣ್ಣು, ಅದರಲ್ಲಿ ಹುಲ್ಲಿನ ಬೇರು. ಒಂದು ಗೇಣು ಕೆಳಗೆ ಹೋದರೆ ಕಡಲೆಕಾಳಿನಿಂದ ಹಿಡಿದು ನಿಂಬೆಹಣ್ಣಿನ ಗಾತ್ರದವರೆಗೆ ಬಿಳಿ ಸುಣ್ಣದ ಹರಳು. ಮರಾಠಿಯವರು ಚುನಖಡಿ ಎನ್ನುವುದು ಇದನ್ನೇ.

ಯಾಕಾಗಿ ಪರೀಕ್ಷೆ ಎಂದು ನಾನು ಕೇಳಲಿಲ್ಲ. ಪಂಚಾಯ್ತಿಯ ಸರಪಂಚರು "ರೂಟೀನ್ ಐತ್ರಿ ಮ್ಯಾಡಮ್" ಅಂದರು, ನಾನು ತಲೆಯಾಡಿಸಿದೆ. ಐದು ದಿನದಲ್ಲಿ ಏಳು ಮಾದರಿ ಮುಗಿಸಿ ನೇಸರಿ ಕಡೆಯ ಇನ್ನೊಂದು ಕೆಲಸಕ್ಕೆ ಓಡುವುದಿತ್ತು. ನನ್ನ ಸ್ವಭಾವವೇ ಹಾಗೆ. ಕೊರೋಚಿಯಲ್ಲಿ ಮಗ್ಗಗಳ ಖಟಖಟದ ನಡುವೆ ಹುಟ್ಟಿ ಬೆಳೆದವಳು ನಾನು. ಸದ್ದಿಲ್ಲದ ಕಡೆ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಆ ಮಡ್ಡಿಯ ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ, ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಮಾದರಿ ತೆಗೆಯುವುದಕ್ಕೆ ಒಂದು ರೀತಿ ಇದೆ. ಒಂದು ತುಂಡು ಭೂಮಿಯಲ್ಲಿ ಅಂಕುಡೊಂಕಾಗಿ ನಡೆದು ಐದಾರು ಕಡೆ ಮೇಲಿನ ಕಸ ಕೆರೆದು, ಗೇಣು ಆಳ ತೋಡಿ, ಕುಳಿಯ ಗೋಡೆಯಿಂದ ಮೇಲಿಂದ ಕೆಳಗೆ ಒಂದೇ ದಪ್ಪಕ್ಕೆ ಮಣ್ಣು ಕೊಯ್ಯಬೇಕು. ಎಲ್ಲವನ್ನೂ ಒಂದು ಪುಟ್ಟಿಯಲ್ಲಿ ಕೂಡಿಸಿ, ನೆರಳಲ್ಲಿ ಒಣಗಿಸಿ, ಹರವಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡಬೇಕು. ಉಳಿದದ್ದನ್ನು ಮತ್ತೆ ನಾಲ್ಕು ಪಾಲು. ಅರ್ಧ ಕಿಲೋ ಆಗುವವರೆಗೆ ಇದೇ. ಲ್ಯಾಬಿನಲ್ಲಿ ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ಕೆಳಗೆ ಬಿದ್ದ ನುಣುಪು ಮಣ್ಣನ್ನಷ್ಟೇ ಪರೀಕ್ಷಿಸುತ್ತಾರೆ. ಜರಡಿಯ ಮೇಲೆ ನಿಂತ ಕಲ್ಲನ್ನು ತೂಗಿ, ಎಷ್ಟು ಪಾಲು ಎಂದು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು.

ಹಿಂದಿನ ತಿಂಗಳು ನನ್ನ ಮಾದರಿಯ ಕಲ್ಲಿನಿಂದ ಲ್ಯಾಬಿನ ಜರಡಿ ಹರಿದಿತ್ತು. "ಮಣ್ಣ ತರ್ತಿಯೋ, ರಸ್ತಾ ಮಾಡೋ ಖಡಿ ತರ್ತಿಯೋ?" ಎಂದು ಸಾಹೇಬರು ಎಲ್ಲರೆದುರು ಕೂಗಾಡಿದ್ದರು. ಆ ಮಾತು ಕಿವಿಯಲ್ಲಿ ಇನ್ನೂ ಇತ್ತು. ಅದಕ್ಕೇ ಆಯಿಗೆ ಹೇಳಿದೆ, "ಆಯಿ, ನಾ ಮುಂದಿನ ಕುಳಿ ತೋಡ್ತೀನಿ. ನೀ ಈ ಪುಟ್ಟಿಯೊಳಗಿನ ಕಲ್ಲು ಆರಿಸಿ ಕೊಡ್ತಿಯೇನ?"

"ಅದೇನ ದೊಡ್ಡ ಕೆಲಸ! ಜ್ವಾಳದಾನ ಕಲ್ಲ ಹಳ್ಳ ಆರಿಸ್ಲಿಲ್ಲೇನ ಇಷ್ಟ ವರ್ಷ? ನಮ್ಮ ಮನಿ ರೊಟ್ಟಿಯೊಳಗ ಒಂದ ಹಳ್ಳ ಯಾರ ಹಲ್ಲಿಗೂ ಸಿಕ್ಕಿಲ್ಲ."

ನನ್ನ ಏಳೂ ಪುಟ್ಟಿ ಮಣ್ಣು ಒಂದೊಂದಾಗಿ ಅವಳ ಮನೆಯ ಪಡಸಾಲೆ ಸೇರಿತು. ಮರುದಿನ ಹೋದಾಗ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗೋಣಿತಾಟಿನ ಮೇಲೆ ಸಾಲಾಗಿ ಏಳು ಗುಪ್ಪೆ. ಆಯಿ ಬರೀ ಕಲ್ಲು ಆರಿಸಿರಲಿಲ್ಲ, ಮೊರದಲ್ಲಿ ಕೇರಿ, ಒನೆದು, ಬಿಳಿ ಹರಳನ್ನೂ ಒಂದೊಂದಾಗಿ ಹೆಕ್ಕಿ ತೆಗೆದಿದ್ದಳು. ಮಣ್ಣು ರಾಗಿಹಿಟ್ಟಿನ ಹಾಗೆ ನುಣ್ಣಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನ ಮುಖವನ್ನೇ ನೋಡಿದಳು.

"ಹೆಂಗ ಹಸನ ಮಾಡೇನಿ?"

"ಅಯ್ಯ ಆಯಿ, ಭಾಳ ಚಂದ ಆತು!" ಅಂದೆ. ಮಜ್ಜಿಗೆ ಕೊಟ್ಟಳು, ಗಟಗಟ ಕುಡಿದೆ. ಆರಿಸಿದ ಕಲ್ಲೆಲ್ಲ ಎಲ್ಲಿ ಹೋಯಿತು ಎಂದು ಕೇಳಲೂ ಇಲ್ಲ. ಕಣ್ಣೆದುರಿಗೇ ಇತ್ತು. ಕೊಟ್ಟಿಗೆಯ ಮುಂದೆ ಎಮ್ಮೆ ನಿಲ್ಲುವ ತಗ್ಗಿಗೆ ಸುರಿದು, ಮಳೆಗಾಲದ ಕೆಸರಿಗೆ ಆಯಿತೆಂದು ಹರವಿದ್ದಳು. ಏಳು ಚೀಲ ತುಂಬಿ, ಪೆನ್ಸಿಲಿನಲ್ಲಿ ಚೀಟಿ ಬರೆದು ಒಳಗಿಟ್ಟು ಬಾಯಿ ಕಟ್ಟಿದೆ. ಫಾರ್ಮಿನಲ್ಲಿ 'ಕಲ್ಲಿನ ಪ್ರಮಾಣ' ಎಂಬ ಕಾಲಮ್ಮಿಗೆ ಬಂದಾಗ ಬಸ್ಸಿನ ಹಾರ್ನ್ ಕೇಳಿಸಿತು. 'ಸಾಮಾನ್ಯ' ಎಂದು ಗೀಚಿ, ಸಹಿ ಜಡಿದು ಓಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಅಲ್ಲಿಂದ ಮೂರು ವಾರ ಆ ಮಡ್ಡಿಯ ನೆನಪು ನನಗೆ ಬರಲಿಲ್ಲ. ಮೃಗಶಿರಾ ಮಳೆಯ ಮೋಡ ಕಟ್ಟುತ್ತಿದ್ದ ಒಂದು ಮಧ್ಯಾಹ್ನ ಫೋನು ಬಂತು. ಆಯಿ. ಚೀಟಿಯಲ್ಲಿ ನಂಬರು ಬರೆದುಕೊಟ್ಟು ಬಂದಿದ್ದೆ.

"ಯವ್ವಾ, ನಮ್ಮ ಮಡ್ಡಿ ಮಾವಿನ ಗಿಡಕ್ಕ ಭಾರೀ ಲಾಯಕ್ ಐತಿ ಅಂತ ಕಾಗದ ಬಂದೈತಂತ. ಪೂರಾ ಗಾಯರಾನಕ್ಕ ತಂತಿ ಬೇಲಿ ಹಾಕ್ತಾರಂತ. ಕಂಬ ಇಳಿಸ್ಯಾರ. ಕಾಗದದ ತಳಗ ನಿನ್ನ ಸಹಿ ಐತಂತ, ಖರೇ ಏನ?"

"ಸಹಿ ನಂದ ಆಯಿ," ಅಂದೆ.

"ನೀನ ಹಾರಿ ಹಿಡಕೊಂಡ ಕುಣದಿ ಅಲ್ಲ ಅಲ್ಲಿ? ಕೈಯಾಗ ಬೊಬ್ಬಿ ಎದ್ದಿದ್ವು ಅಲ್ಲ? ಅಂಥಾ ಭೂಮಿ ಮಾವಿಗೆ ಲಾಯಕ್ ಅಂತ ಹೆಂಗ ಬರದಿ? ನನಗ ಹೊಲ ಇಲ್ಲ, ಕಬ್ಬ ಇಲ್ಲ. ಬೇಲಿ ಬಿದ್ರ ನಾಳಿ ನನ್ನ ಎಮ್ಮಿ ಎಲ್ಲಿಗೆ ಹೋಗಬೇಕು, ಹೇಳ."

"ನೋಡಿ ಹೇಳ್ತೀನಿ ಆಯಿ," ಅಂದೆ. ಫೋನಿಟ್ಟು ವರದಿಯ ಪ್ರತಿ ತೆಗೆದು ನೋಡಿದೆ. ಲೆಕ್ಕವೆಲ್ಲ ಸರಿಯಾಗಿತ್ತು, ಅದೇ ತೊಂದರೆ. ಹುಲ್ಲಿನ ಬೇರು ಕೊಳೆತ ಮಣ್ಣಾದ್ದರಿಂದ ಸಾವಯವ ಅಂಶ ಚೆನ್ನಾಗಿತ್ತು. ಸುಣ್ಣದ ಅಂಶ ಮಾತ್ರ ಸಾಧಾರಣ. ಇರಲೇಬೇಕಲ್ಲ, ಸುಣ್ಣವಿದ್ದದ್ದೇ ಹರಳಿನಲ್ಲಿ, ಹರಳನ್ನೆಲ್ಲ ಆಯಿ ಮೊರದಲ್ಲಿ ಕೇರಿ ಹಾಕಿದ್ದಳು! ಕಲ್ಲಿನ ಕಾಲಮ್ಮಿನಲ್ಲಿ ನನ್ನ 'ಸಾಮಾನ್ಯ'. ನಾವು ಗುಡ್ಡವನ್ನು ಎಸೆದು, ಗುಡ್ಡದ ಮೇಲಿನ ಧೂಳನ್ನು ಪರೀಕ್ಷೆ ಮಾಡಿದ್ದೆವು. ಹೇಳಿದ್ದು ನಾನು, ಮಾಡಿದ್ದು ಆಯಿ. ತನ್ನ ಎಮ್ಮೆಯ ಹುಲ್ಲನ್ನು ಅವಳು ತನ್ನ ಕೈಯಾರೆ, ಅಭಿಮಾನದಿಂದ, ಒಂದು ಹಳ್ಳವೂ ಉಳಿಯದಂತೆ ಆರಿಸಿ ಕೊಟ್ಟಿದ್ದಳು. ಅವಳಿಗಿನ್ನೂ ಅದು ಗೊತ್ತಿರಲಿಲ್ಲ.

ಆ ಸಂಜೆ ಕೊರೋಚಿಯ ಮನೆಯಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎನ್ನುವುದೂ ತಲೆಯಲ್ಲಿ ಸುಳಿಯಿತು, ಸುಳ್ಳೇಕೆ ಹೇಳಲಿ. ಎರಡು ವರ್ಷ ಮಾವಿನ ಸಸಿ ಹಸಿರಾಗಿರುತ್ತದೆ, ಆಮೇಲೆ ಬೇರು ಸುಣ್ಣಕ್ಕೆ ಮುಟ್ಟಿ ಎಲೆ ಹಳದಿಯಾಗುತ್ತದೆ. ಆಗ ಬಿಸಿಲನ್ನೋ ನೀರನ್ನೋ ದೂರುತ್ತಾರೆ. ನನ್ನ ಹೆಸರು ಯಾರೂ ಎತ್ತುವುದಿಲ್ಲ. ಬಾಗಿಲಲ್ಲಿ ಕೂತಿದ್ದ ಅಪ್ಪ ನನ್ನ ಓಡಾಟ ನೋಡಿ ನೋಡಿ ಕೇಳಿದ, "ಏನಾಗೇತಿ? ಕಾಲಿಗೆ ಚಕ್ರ ಕಟ್ಕೊಂಡಿಯೇನ?" ಹೇಳಿದೆ. ಜೀವಮಾನವಿಡೀ ಬೇರೆಯವರ ಮಗ್ಗ ನಡೆಸಿದವನು ಅಪ್ಪ. ಕೇಳಿಕೊಂಡು ತುಸು ಹೊತ್ತು ತಂಬಾಕು ತಿಕ್ಕಿದ.

"ದಾರ ಹರದದ್ದ ಕಾಣಲಾರದ ಬಟ್ಟಿ ಮುಂದ ಹೋಗಿಬಿಟ್ಟಿದ್ರ ನಾವ ಏನ ಮಾಡ್ತೀವಿ? ಮಗ್ಗ ನಿಂದರಸ್ತೀವಿ. ನೇಯ್ದದ್ದ ಬಿಚ್ಚಿ ಹಿಂದಕ್ಕ ಬರ್ತೀವಿ. ಶೇಠ ಬೈತಾನ. ಬೈಲಿ ಬಿಡ."

ಮರುದಿನ ರಜೆ ಹಾಕಿ ಗಡಹಿಂಗ್ಲಜದ ಎಸ್‌ಟಿ ಬಸ್ಸು ಹಿಡಿದೆ. ಆಯಿ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ತಲೆ ತಗ್ಗಿಸಿ ಎಲ್ಲ ಹೇಳಿದೆ. ಕಲ್ಲು ಆರಿಸಲು ಹೇಳಿದ್ದೇ ತಪ್ಪು, ಆ ಕಲ್ಲನ್ನು ಅಳೆದು ಬರೆಯಬೇಕಿತ್ತು, ಬಸ್ಸು ತಪ್ಪುತ್ತದೆಂದು ಸುಳ್ಳು ಬರೆದೆ ಎಂದೆ. ಅವಳು ಬೈಯುತ್ತಾಳೆಂದು ಕಾದೆ. ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು.

"ಅಂದ್ರ ನಾ ಹಸನ ಮಾಡಿದ್ದಕ್ಕ ಹಿಂಗಾತು?"

"ಇಲ್ಲ ಆಯಿ, ನಾ ಹೇಳಿದ್ದಕ್ಕ ಆತು."

"ಹೇಳಾಕ ನೀ ಹೇಳಿದಿ. ನನಗ ಬುದ್ಧಿ ಬ್ಯಾಡೇನ? ಮಡ್ಡಿ ಮಣ್ಣ ಅಂದ್ರ ಕಲ್ಲ. ಕಲ್ಲ ತಗದ ಮ್ಯಾಲ ಅದ ಯಾರ ಮಣ್ಣ?" ಅವಳ ಸಿಟ್ಟು ಈಗ ಬಂತು. ನನ್ನ ಮೇಲಲ್ಲ, ಸಗಣಿ ಬುಟ್ಟಿಯ ಮೇಲೆ. ಅದನ್ನು ಕಾಲಿನಿಂದ ಸರಿಸಿ ಸಲಿಕೆ ತಂದಳು. ಎಮ್ಮೆ ಬಿಚ್ಚಿ ಆಚೆ ಕಟ್ಟಿದಳು. ಕೊಟ್ಟಿಗೆಯ ಮುಂದೆ ಹರವಿದ್ದ ಕಲ್ಲನ್ನು ಬಗೆಯತೊಡಗಿದಳು. ನಾನೂ ಕೂತೆ. ಸಗಣಿ, ಗಂಜಲ, ಕೆಸರು ಎಲ್ಲ ಹತ್ತಿದ ಕಲ್ಲನ್ನು ಇಬ್ಬರೂ ಆರಿಸಿ ಕೊಡದ ನೀರಲ್ಲಿ ತೊಳೆದೆವು. ಮಣ್ಣು ತಂದಿದ್ದ ಅದೇ ಪುಟ್ಟಿಯಿಂದ ಅಳೆದೆವು. ಏಳು ಪುಟ್ಟಿ ಮಣ್ಣಿನಲ್ಲಿ ಕಲ್ಲೇ ನಾಲ್ಕು ಪುಟ್ಟಿ ದಾಟಿತು. ಎಮ್ಮೆ ತುಳಿದು ನೆಲಕ್ಕೆ ಸೇರಿಸಿದ್ದು ಬೇರೆ.

ಒಂದು ಪುಟ್ಟಿಯಷ್ಟನ್ನು ಗೋಣಿಚೀಲಕ್ಕೆ ತುಂಬಿಸಿಕೊಂಡೆ. ಆಯಿ ಬಸ್ಸಿನವರೆಗೆ ಹೊತ್ತು ತಂದಳು. "ಕೆಲಸ ಮುಗದ ಮ್ಯಾಲ ವಾಪಸ್ ತಂದ ಕೊಡಬೇಕು ನೋಡ. ಮಳಿ ಬರಾಕತ್ತೇತಿ, ಎಮ್ಮಿ ಕೆಸರಾಗ ನಿಂದರ್ತಾವು," ಅಂದಳು. ಸರಪಂಚರು ಹಾದಿಯಲ್ಲಿ ಸಿಕ್ಕರು. ಮಾತು ಕೇಳಿ ಮುಖ ಕೆಂಪಗೆ ಮಾಡಿಕೊಂಡರು.

"ಮ್ಯಾಡಮ್, ಆಟ ಹಚ್ಚೀರೇನ್ರಿ? ಊರಿಗೆ ಒಂದ ಉತ್ಪನ್ನ ಆಗ್ಲಿ ಅಂತ ಎರಡ ವರ್ಷ ಕಚೇರಿ ಅಲದೇನಿ. ಈಗ 'ಸಹಿ ನಂದ, ಆದ್ರ ವರದಿ ಖೋಟಾ' ಅಂತೀರಿ? ಸೋಮವಾರ ಬೇಲಿ ಕೆಲಸ ಚಾಲೂ. ಅದರ ಒಳಗ ಹೊಸಾ ಕಾಗದ ಬಂದ್ರ ನೋಡೂಣು."

ಅವರು ಕೆಟ್ಟ ಮನುಷ್ಯರಲ್ಲ. ನನ್ನ ಸಹಿ ನಂಬಿದ್ದೇ ಅವರ ತಪ್ಪು. ಅಂದು ಗುರುವಾರ.

ಕಂಡಕ್ಟರ್ ಚೀಲವನ್ನು ಕಾಲಿನಿಂದ ತಟ್ಟಿ ನೋಡಿದ. "ಯಾತ ಕಾಯ ಆಹೆ?" ಏನಿದೆ ಇದರಲ್ಲಿ ಎಂದು.

"ಕಲ್ಲು."

"ಕಲ್ಲ? ಕೊಲ್ಹಾಪುರದಾಗ ಕಲ್ಲ ಸಿಗಂಗಿಲ್ಲೇನ್ರಿ ಬಾಯಿ?" ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನವನೊಬ್ಬ "ಬಂಗಾರದ ಖಣಿ ಸಿಕ್ಕಿರಬೇಕು" ಅಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದೆ. ಅಂದು ಚೀಲದ ಮೇಲೆ ಕಾಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂತೆ. ಪ್ರತಿ ನಿಲ್ದಾಣದಲ್ಲೂ ಬಸ್ಸು ಬೇಕಂತಲೇ ತಡ ಮಾಡುತ್ತಿದೆ ಅನಿಸುತ್ತಿತ್ತು.

ಸಾಹೇಬರ ಮೇಜಿನ ಮೇಲೆ ಚೀಲ ಇಟ್ಟಾಗ ಸಗಣಿಯ ವಾಸನೆ ಕೋಣೆ ತುಂಬಿತು. ಅವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಬರೆದು ತಂದಿದ್ದ ಕಾಗದ ಮುಂದಿಟ್ಟೆ. ಮಾದರಿಯಿಂದ ಕಲ್ಲು ಬೇರೆ ಮಾಡಿಸಿದ್ದು ನಾನು, ಪ್ರಮಾಣ ಅಳೆಯದೆ ಬರೆದದ್ದು ನಾನು, ವರದಿ ಹಿಂದಕ್ಕೆ ಪಡೆಯಬೇಕು ಎಂದಿತ್ತು ಅದರಲ್ಲಿ.

"ಇದು ಪುರಾವೆ ಅಲ್ಲ," ಅಂದರು ಓದಿ. "ಎಮ್ಮಿ ಕಾಲಾಗಿನ ಕಲ್ಲ. ಯಾವ ಕುಳಿದ, ಯಾರಿಗೆ ಗೊತ್ತು?"

"ಹೌದ್ರಿ ಸರ್."

"ನಿನ್ನ ಕೆಲಸ ಹೋಗಬಹುದು, ಗೊತ್ತೈತೇನ?"

"ಹೌದ್ರಿ."

ಅವರು ಚೀಲಕ್ಕೆ ಕೈ ಹಾಕಿ ಒಂದು ಬಿಳಿ ಹರಳು ತೆಗೆದರು. ಕಪಾಟಿನಿಂದ ಆಮ್ಲದ ಬಾಟಲಿ ತಂದು ಒಂದು ಹನಿ ಬಿಟ್ಟರು. ಹರಳು ಜುಂಯ್ ಎಂದು ನೊರೆ ಕಾರಿತು. ಇನ್ನೊಂದು ಹನಿ. ಮತ್ತೂ ನೊರೆ. "ಜರಡಿ ಹರೀತಂತ ನಾ ಅವತ್ತ ಅಷ್ಟ ಒದರಬಾರದಾಗಿತ್ತು," ಎಂದು ತಮ್ಮಷ್ಟಕ್ಕೆ ಅಂದುಕೊಂಡು ಶನಿವಾರಕ್ಕೆ ಜೀಪು ಹೇಳಿದರು.

ಶನಿವಾರ ಬೆಳಿಗ್ಗೆ ಮಳೆ! ವರ್ಷದ ಮೊದಲ ಜೋರು ಮಳೆ ಆವತ್ತೇ ಬರಬೇಕೇ? ಮಡ್ಡಿ ಹತ್ತುವಾಗ ಸಾಹೇಬರು ಎರಡು ಸಲ ಜಾರಿದರು. ಛತ್ರಿ ಹಿಡಿದು ಸರಪಂಚರು ಬಂದರು. ಮೇಲೆ ನಾಲ್ಕು ಕಂಬ ಆಗಲೇ ನೆಟ್ಟಾಗಿತ್ತು. ಸೋಮವಾರದವರೆಗೆ ತಡೆಯಲು ಯಾರಿಗೆ ಪುರಸೊತ್ತು! ಆಯಿ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಹಾರೆ ಹಿಡಿದು ನಮಗಿಂತ ಮೊದಲೇ ಬಂದಿದ್ದಳು. ಸಾಹೇಬರು ತೋರಿಸಿದ ಮೂರು ಕಡೆ, ಅವರ ಕಣ್ಣೆದುರಿಗೇ, ಮೊಳಕಾಲುದ್ದ ಕುಳಿ ತೋಡಿದೆವು. ಆದರೆ ಹಸಿ ಮಣ್ಣು ಜರಡಿಗೆ ಹಾಕಿದರೆ ಸಗಣಿಯ ಹಾಗೆ ಮೆತ್ತಿಕೊಂಡು ನಿಂತಿತು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

"ಒಣಗಿಸಬೇಕಂದ್ರ ನಾಲ್ಕ ದಿನ," ಅಂದರು ಸಾಹೇಬರು.

"ಸೋಮವಾರ ಆಳ ಬರ್ತಾವ್ರಿ," ಅಂದರು ಸರಪಂಚರು.

ನಾನು ಕೈ ಕೈ ಹಿಸುಕಿಕೊಂಡು ಕುಳಿಯ ಸುತ್ತ ಸುತ್ತುತ್ತಿದ್ದೆ. ಆಯಿ ಗದರಿದಳು, "ಒಂದ ಕಡೆ ಕೂಡವಾ, ಕಣ್ಣ ತಿರಗಾಕತ್ತಾವು ನನಗ!" ಆಮೇಲೆ ಸಾಹೇಬರ ಕಡೆ ತಿರುಗಿದಳು. "ಸಾಹೇಬ್ರ, ಜರಡಿ ಯಾಕ ಬೇಕ್ರಿ? ನನ್ನ ಕೈ ಅದಾವಲ್ಲ."

ಜಾಲಿಗಿಡದ ಕೆಳಗೆ ತಾಡಪತ್ರಿ ಕಟ್ಟಿ ಕೂತೆವು. ಅವಳು ಒಂದೊಂದು ಹೆಂಟೆಯನ್ನೂ ಬೆರಳಲ್ಲಿ ಪುಡಿಗುಟ್ಟಿ, ಕಲ್ಲು ಒಂದು ಕಡೆ, ಮಣ್ಣು ಒಂದು ಕಡೆ ಮಾಡತೊಡಗಿದಳು. ನಾನು ಎದುರು ಕೂತು ಅದನ್ನೇ ಮಾಡಿದೆ. ಎರಡು ತಾಸು ಅಲುಗಾಡದೆ ಕೂತೆ, ನನ್ನ ಜನ್ಮದಲ್ಲಿ ಅದೇ ಮೊದಲು. ಮುಗಿದಾಗ ಆಯಿ ಮಡಿಲಿನಿಂದ ಜೋಳ ಅಳೆಯುವ ಸೇರು ತೆಗೆದು ಸರಪಂಚರ ಕೈಗೆ ಕೊಟ್ಟಳು. "ನೀವ ಅಳೀರಿ. ನಾ ಅಳದ್ರ ಮತ್ತ ಖೋಟಾ ಅಂದೀರಿ." ಅವರು ಅಳೆದರು. ಮೊದಲ ಕುಳಿಯಲ್ಲಿ ಮಣ್ಣು ಒಂದು ಸೇರಿಗೆ ಕಲ್ಲು ಎರಡು. ಕೆಳಗಿನ ಕುಳಿಯಲ್ಲಿ ಒಂದಕ್ಕೆ ಮೂರು, ಅರ್ಧಕ್ಕರ್ಧ ಬಿಳಿ ಹರಳು. ಸಾಹೇಬರು ಕುಳಿಯ ಗೋಡೆಗೆ ಆಮ್ಲ ಚಿಮುಕಿಸಿದರು. ಗೇಣಿನ ಕೆಳಗೆ ಗೋಡೆಯೆಲ್ಲ ನೊರೆಯೆದ್ದಿತು.

ಸರಪಂಚರು ಸೇರು ಹಿಡಿದುಕೊಂಡೇ ಕೇಳಿದರು, "ಹಂಗಾರ ಇಲ್ಲಿ ಏನೂ ಬೆಳಿಯಂಗಿಲ್ಲೇನ್ರಿ?"

"ಬೆಳದೈತಲ್ಲ," ಅಂದಳು ಆಯಿ, ಎಮ್ಮೆಗಳ ಕಡೆ ಕೈ ತೋರಿಸಿ. "ಹುಲ್ಲ. ಅದರಾಗಿಂದನ ನೀವ ಮುಂಜಾನಿ ಕುಡದ ಚಾದ ಹಾಲ."

ಸಾಹೇಬರು ಅಲ್ಲಿಯೇ ಹಳೆಯ ವರದಿಗೆ ಅಡ್ಡಗೀಟು ಹಾಕಿದರು. ಹೊಸ ಫಾರ್ಮನ್ನು ನನ್ನ ಮುಂದೆ ಹಿಡಿದು "ಬರಿ" ಅಂದರು. 'ಕಲ್ಲಿನ ಪ್ರಮಾಣ' ಎಂಬಲ್ಲಿ ಅಳೆದದ್ದನ್ನು ಅಳೆದಷ್ಟೇ ಬರೆದೆ. ಸೋಮವಾರ ಆಳುಗಳು ಬಂದು ನಾಲ್ಕು ಕಂಬ ಕಿತ್ತು ಊರ ಶಾಲೆಯ ಅಂಗಳಕ್ಕೆ ಸಾಗಿಸಿದರಂತೆ.

ನನ್ನ ಕೆಲಸ ಹೋಗಲಿಲ್ಲ. ಆದರೆ ಆ ಮಳೆಗಾಲ ಪೂರ್ತಿ ಹೊರಗೆ ತಿರುಗುವುದು ಬಂದ್. ಲ್ಯಾಬಿನ ಮೂಲೆಯಲ್ಲಿ ಜರಡಿಯ ಮುಂದೆ ಕೂತು, ಬಂದ ಪ್ರತಿ ಚೀಲದ ಕಲ್ಲು ತೂಗಿ ಬರೆಯುವುದು. ಮಾಡಿದ್ದುಣ್ಣೋ ಮಹರಾಯ! ಕೂತು ಕೂತು ಸೊಂಟ ಸೆಟೆಯುತ್ತಿತ್ತು. ಕಾಲು ಮೇಜಿನ ಕೆಳಗೆ ತಾನೇ ಕುಣಿಯುತ್ತಿತ್ತು.

ಮುಂದಿನ ವಾರದ ರವಿವಾರ ಗೋಣಿಚೀಲ ಹೊತ್ತು ಮತ್ತೆ ಬಸ್ಸು ಹತ್ತಿದೆ. ಅದೇ ಕಂಡಕ್ಟರ್. ಚೀಲ ತಟ್ಟಿ ನೋಡಿ ಹಣೆ ಚಚ್ಚಿಕೊಂಡ. "ಅಲ್ರಿ ಬಾಯಿ, ವಾಪಸ್ ಒಯ್ಯಾಕತ್ತೀರಿ?"

"ಹೌದ್ರಿ. ಎಮ್ಮಿದು."

ಆಯಿಯ ಕೊಟ್ಟಿಗೆಯ ಮುಂದೆ ಗಟ್ಟಿ ಕೆಸರಾಗಿತ್ತು. ಚೀಲ ಸುರಿದೆ. ಅವಳು ಸಲಿಕೆಯಿಂದ ಹರವುತ್ತ ಹರವುತ್ತ ನಿಂತಳು. ಬಗ್ಗಿ ನೋಡಿದಳು.

"ಒಂದ ದೊಡ್ಡ ಬಿಳೀ ಹರಳಿತ್ತು. ನಿಂಬಿಹಣ್ಣಿನಷ್ಟ. ಎಲ್ಲೈತಿ?"

"ಸಾಹೇಬ್ರ ಇಟ್ಕೊಂಡಾರ ಆಯಿ. ಮೇಜಿನ ಮ್ಯಾಲ. ಫಾರ್ಮ್ ಹಾರಬಾರದಂತ ಅದನ್ನ ಹೇರಿ ಇಡ್ತಾರ."

"ಹೌದೇನ?" ಎಮ್ಮೆ ಬಿಚ್ಚಿ ತಂದು ಕಲ್ಲಿನ ಮೇಲೆ ನಿಲ್ಲಿಸಿದಳು. "ಇರಲಿ ಬಿಡ. ಆದ್ರ ನಮ್ಮ ಮಡ್ಡಿದು ಅಂತ ಬರದ ಇಡಾಕ ಹೇಳ."

ಸೋಮವಾರ ಬೆಳಿಗ್ಗೆ ನಾನು ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದು ಆ ಹರಳಿನ ಕೆಳಗಿಟ್ಟೆ. ಊರು, ಮಡ್ಡಿ, ಆರಿಸಿದವರ ಹೆಸರು. ಆಮೇಲೆ ಜರಡಿಯ ಮುಂದೆ ಹೋಗಿ ಕೂತೆ.